ಎಮ್ಮೆಗೆ ಹಚ್ಚಿದ ಔಷಧಿ

ಮೊನ್ನೆ ಅಟ್ಟದಿಂದ ಪಾತ್ರೆ ಇಳಿಸುವಾಗ ಹಳೆಯ ಸ್ಟೀಲ್ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ತುಪ್ಪದ ವಾಸನೆ! ಇಷ್ಟು ವರ್ಷದಲ್ಲಿ ಎಷ್ಟು ಸಲ ತೊಳೆದಿದ್ದೇನೋ, ಜಪ್ಪಯ್ಯ ಅಂದರೂ ಹೋಗಿಲ್ಲ.

ಡಬ್ಬಿ ಕೊಕ್ಕನೂರಿನ ನನ್ನ ಚಿಕ್ಕಮ್ಮನದು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಸರಸ್ವತಿ ನಗರದಲ್ಲಿ ಬಾಣಂತಿಯಾಗಿದ್ದಾಗ, ಅವಳು ವಾರಕ್ಕೊಮ್ಮೆ ಹರಿಹರದಲ್ಲಿ ಬಸ್ಸು ಬದಲಿಸಿ, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಬರುತ್ತಿದ್ದಳು. "ತುಪ್ಪ ತಿನ್ನದಿದ್ರ ಬಾಣಂತಿ ಸೊಂಟ ನಿಲ್ಲಂಗಿಲ್ಲ" ಎಂದು ಅನ್ನ ಮುಳುಗುವಷ್ಟು ಸುರಿಯುವಳು. ನಾನೂ ಬೇಡವೆನ್ನುವ ಪೈಕಿಯವಳಲ್ಲ.

ಮಗಳಿಗೆ ಐದು ತಿಂಗಳಾದಾಗ ಎತ್ತಿಕೊಂಡು ಕೊಕ್ಕನೂರಿಗೆ ಹೋದೆ. ಹಿತ್ತಲಲ್ಲಿ ಚಿಕ್ಕಮ್ಮ ಎಮ್ಮೆಯ ಮೈಗೆ ಬಿಳಿ ಪುಡಿ ತಿಕ್ಕುತ್ತಿದ್ದಳು, ಕೂಸಿಗೆ ಪೌಡರ್ ಹಚ್ಚುವಷ್ಟೇ ಅಕ್ಕರೆಯಿಂದ. ಹೊಲದ ಹುಳಕ್ಕೆ ಹೊಡೆಯುವ ಪುಡಿಯ ಕಟು ವಾಸನೆ ಮೂಗಿಗೆ ಬಡಿಯಿತು.

"ಏನದು?" ಎಂದೆ.

"ಔಷಧಿ ಕಣೆ. ಉಣ್ಣಿ ಹತ್ಯಾವ."

ನಮ್ಮ ಕಡೆ ಹೊಲಕ್ಕೆ ಹೊಡೆದರೂ ಔಷಧಿ, ಕೆಮ್ಮಿಗೆ ಕುಡಿದರೂ ಔಷಧಿ. ಹೆಸರೇ ಹಾಗಿದ್ದ ಮೇಲೆ ಅವಳಿಗೆ ಅನುಮಾನ ಬರುವುದಾದರೂ ಹೇಗೆ, ನೀವೇ ಹೇಳಿ. ನಾನೋ ಹೈಸ್ಕೂಲಿನ ವಿಜ್ಞಾನದ ಟೀಚರು. ಹುಲ್ಲು, ಮಿಡತೆ, ಕಪ್ಪೆ, ಹಾವು, ಎಲ್ಲಕ್ಕೂ ಮೇಲೆ ಹದ್ದು ಎಂದು ಬೋರ್ಡಿನ ಮೇಲೆ ಬರೆದು, ಬೇಗ ನಾಶವಾಗದ ವಿಷ ಮೆಟ್ಟಿಲು ಹತ್ತಿದಂತೆ ಹೆಚ್ಚುತ್ತದೆ ಎಂದು ಪ್ರತಿವರ್ಷ ಒಪ್ಪಿಸುತ್ತಿದ್ದವಳು. ಹದ್ದಿನ ಜಾಗದಲ್ಲಿ ನನ್ನ ಮಗಳೇ ಕೂತಿದ್ದಾಳೆಂದು ಹೊಳೆದದ್ದು ಅಂದೇ.

ಹೆದರಿಕೆಗೆ ಬಾಯಿ ಜೋರಾಯಿತು. "ಅದು ಎಮ್ಮೆ ಕೊಬ್ಬಿನಾಗೆ ಕೂರ್ತೈತೆ ಚಿಕ್ಕಮ್ಮ! ಬೆಣ್ಣೆಗೆ ಬರ್ತೈತೆ, ತುಪ್ಪಕ್ಕೆ ಬರ್ತೈತೆ, ನನ್ನ ಎದೆಹಾಲಿಗೂ ಬರ್ತೈತೆ!"

"ಅಂದ್ರ... ಕೂಸಿಗೆ ಮುಟ್ಟೈತಾ?" ಎಂದಳು. ಕೂಸಿನತ್ತ ಚಾಚಿದ್ದ ಕೈಯನ್ನು ಹಿಂದೆಗೆದು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಆ ಕೈ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಮೂರು ತಿಂಗಳು ಅವಳು ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಇದೇ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಳು. ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು.

"ಪುಡಿ ಮುಟ್ಟಿಲ್ಲ ಕಣೆ. ದಿನಾ ಒಂದೊಂದೇ ಉಣ್ಣಿ ಕೈಲೇ ಕಿತ್ತೀನಿ. ಈಗ ತಿನ್ತೀಯಾ?"

ಅಷ್ಟು ಬೇಗ ಆ ವಿಷ ಎಮ್ಮೆಯ ಮೈ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಮಗಳು ಇನ್ನೂ ನನ್ನ ಹಾಲು ಕುಡಿಯುತ್ತಿದ್ದಳು. ಆದರೂ ಬಿಸಿ ಅನ್ನಕ್ಕೆ ಒಂದು ಚಮಚ ಹಾಕಿಸಿಕೊಂಡು ಅವಳೆದುರೇ ತಿಂದೆ. ಉಳಿದದ್ದನ್ನು ತಿಂಗಳಿಡೀ ದೇವರ ದೀಪಕ್ಕೆ ಸುರಿದೆ. ಚಿಕ್ಕಮ್ಮನಿಗೆ ಅದನ್ನು ಕೊನೆಯವರೆಗೂ ಹೇಳಲಿಲ್ಲ.

ಮೊನ್ನೆ ಡಬ್ಬಿ ಮೂಸುತ್ತ ಕೂತಿದ್ದಾಗ ಮಗಳು ಬಂದಳು. ಆ ಒಂದು ಚಮಚ ಇಷ್ಟು ವರ್ಷ ನನ್ನನ್ನು ಕೊರೆದಿತ್ತು. ತಪ್ಪೊಪ್ಪಿಗೆಯಂತೆ ಎಲ್ಲ ಹೇಳಿ, ಅವಳ ಮುಖ ನೋಡಿದೆ.

"ಒಂದೇ ಚಮಚನೇನಮ್ಮ?" ಎಂದಳು. "ಪಾಪ, ಅಜ್ಜಿ."