ತಂಗಿಯ ಫೈಲನ್ನು ನಾನು ಸರಿಪಡಿಸಿದ್ದು

ಗೌರಿಬಿದನೂರಿನಲ್ಲಿ ಟೈಪಾದ ಲಗ್ನಪತ್ರಿಕೆ ಚಿಂತಾಮಣಿಯ ನನ್ನ ಜೆರಾಕ್ಸ್ ಅಂಗಡಿಗೆ ಬರುವಷ್ಟರಲ್ಲಿ ವರನ ಹೆಸರನ್ನೇ ಕಳೆದುಕೊಂಡಿರುತ್ತದೆ. ಅಲ್ಲಿನ ಫಾಂಟ್ ಇಲ್ಲಿಲ್ಲ. ಚಿರಂಜೀವಿಯ ಜಾಗದಲ್ಲಿ ಖಾಲಿ ಚೌಕಗಳು ವಿರಾಜಮಾನವಾಗಿರುತ್ತವೆ. ಎಸ್ಸೆಸ್ಸೆಲ್ಸಿಗೇ ವಿದ್ಯೆಗೆ ಮಂಗಳ ಹಾಡಿದ ನನಗೆ ರೋಗದ ಮೂಲ ತಿಳಿಯದು, ಚಿಕಿತ್ಸೆ ಮಾತ್ರ ಗೊತ್ತು: ಕೆಟ್ಟಂತೆ ಕಂಡದ್ದನ್ನು ಯಾರನ್ನೂ ಕೇಳದೆ ತಿದ್ದಿಬಿಡುವುದು. ಗಿರಾಕಿಗಳು ಹೊಗಳುತ್ತಿದ್ದುದರಿಂದ ಇದು ಗುಣವೆಂದೇ ನಂಬಿದ್ದೆ.

ತಂಗಿ ವೇಣಿ ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಬಿಡಿ ಫೈಲುಗಳನ್ನು ಕೂಡಿಸಿ ಒಂದು ಪ್ರೋಗ್ರಾಮನ್ನಾಗಿ ಕಟ್ಟಿಕೊಡುವ ಸಾಧನ ಅವಳ ಪ್ರಾಜೆಕ್ಟು. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಅದು ಒಂದೇ ರೀತಿ ನಡೆಯಬೇಕು. ವರದಿಯ ಪ್ರಿಂಟಿಗೆಂದು ಅವಳು ಕೊಟ್ಟ ಪೆನ್‌ಡ್ರೈವಿನಲ್ಲಿ, ಏನೇನನ್ನು ಕೂಡಿಸಬೇಕೆಂದು ಸಾಧನಕ್ಕೆ ಹೇಳುವ, ಸಾಲಿಗೊಂದು ಫೈಲಿನ ಹೆಸರಿದ್ದ ಪಟ್ಟಿಯ ಫೈಲೂ ಇತ್ತು. ನನ್ನ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಅದರ ಸಾಲುಗಳೆಲ್ಲ ಅಂಟಿಕೊಂಡು ಒಂದೇ ಸಾಲಾಗಿ ಕಂಡವು. ಪಾಪವೆನಿಸಿತು. ಪ್ರತಿ ಹೆಸರಿನ ಕೊನೆಗೂ ಎಂಟರ್ ಒತ್ತಿ, ಅಚ್ಚುಕಟ್ಟಾಗಿ ಬಿಡಿಸಿ, ಸೇವ್ ಮಾಡಿದೆ.

ಕಾಲೇಜಿನಲ್ಲಿ ಅದೇ ಪೆನ್‌ಡ್ರೈವ್ ಹಾಕಿ ತೋರಿಸಿದಾಗ ಸಾಧನ ವಿಂಡೋಸ್‌ನಲ್ಲಿ ಓಡಿತು. ಲಿನಕ್ಸ್‌ನಲ್ಲಿ, ಎದುರಿಗೇ ಇದ್ದ ಫೈಲನ್ನು ಇಲ್ಲವೆಂದು ಹೇಳಿ ನಿಂತಿತು. ಸೋಮವಾರ ಮತ್ತೆ ತೋರಿಸದಿದ್ದರೆ ಪ್ರಾಜೆಕ್ಟು ತಿರಸ್ಕೃತವೆಂದರಂತೆ ಲೆಕ್ಚರರು. ವೇಣಿ ನಿದ್ದೆಗೆಟ್ಟು ತಾನು ಬರೆದ ಒಂದೊಂದು ಸಾಲನ್ನೂ ಅನುಮಾನಿಸತೊಡಗಿದಳು. ಕಾಲೇಜಿನ ಕಂಪ್ಯೂಟರೇ ಸರಿಯಿಲ್ಲವೇನೋ ಎಂದು ನಾನು ಸಮಾಧಾನ ಹೇಳಿದೆ. ನನ್ನ ಕೈವಾಡವೇ ಕಾರಣವೆಂದು ತಿಳಿದಿರಲಿಲ್ಲ, ನಿಜ. ಆದರೆ ಕೈಯಾಡಿಸಿದ್ದು ತಿಳಿದಿತ್ತಲ್ಲ.

ಭಾನುವಾರ ಬಾಯಿಬಿಟ್ಟೆ. ಅವಳು ಫೈಲನ್ನು ತೆರೆದು ನೋಡಿದಳು. ವಿಂಡೋಸ್ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತನ್ನು ಹೆಚ್ಚಿಗೆ ಹಾಕುತ್ತದಂತೆ. ಲಿನಕ್ಸ್‌ನಲ್ಲಿ ಸಾಧನ ಅದನ್ನೂ ಹೆಸರಿನ ಭಾಗವೆಂದು ತಿಳಿದು ಹುಡುಕಿತಂತೆ.

"ಮುಟ್ಟಿದ್ದಕ್ಕಲ್ಲ ಕಣಣ್ಣ, ಇಷ್ಟು ದಿನ ಸುಮ್ನಿದ್ಯಲ್ಲ, ಅದಕ್ಕೆ ಕೋಪ," ಎಂದಳು.

ಆ ಗುರುತನ್ನು ಮೊದಲೇ ಒರೆಸಿಕೊಳ್ಳುವಂತೆ ಸಾಧನವನ್ನು ಬದಲಿಸಿ, ಪೆನ್‌ಡ್ರೈವಿಗೆ ಅದೇ ಪಟ್ಟಿಯ ಹೊಸ ಫೈಲೊಂದನ್ನು ಹಾಕಿ ನನ್ನ ಮುಂದಿಟ್ಟಳು. "ಈಗ ಇನ್ನೊಂದ್ಸಲ ಕೆಡ್ಸು."

ಬೇಡವೆಂದೆ.

"ನೀನು ಮುಟ್ಟಿದ್ರೆ ನಿಂತೋಗೋದನ್ನ, ಎಲ್ಲಾ ಕಡೆ ಓಡತ್ತೆ ಅಂತ ಹೆಂಗಪ್ಪ ಹೇಳ್ಲಿ ನಾನು? ಕೆಡ್ಸು. ನಿನ್ನಷ್ಟು ಚೆನ್ನಾಗಿ ಇನ್ಯಾರಿಗೆ ಬರತ್ತೆ?"

ಸಾಲುಗಳನ್ನು ಮೊದಲಿನಂತೆಯೇ ಬಿಡಿಸಿ ಸೇವ್ ಮಾಡಿಕೊಟ್ಟೆ. ಅವಳ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಸಾಧನ ಎಲ್ಲೂ ನಿಲ್ಲಲಿಲ್ಲ. ಅವಳ ಬಳಿ ಚೊಕ್ಕ ಪ್ರತಿಯೊಂದು ಇದ್ದೇ ಇತ್ತು; ಆದರೂ ಸೋಮವಾರ ಕಾಲೇಜಿಗೆ ಒಯ್ದದ್ದು ನಾನು ಕೆಡಿಸಿದ ಫೈಲನ್ನೇ.