ಗೋಡೆ ಬುಡದ ನೇರಳೆ ಹೂ

ಸಿ.ವಿ. ರಾಮನ್ ನಗರದ ನಮ್ಮ ಮನೆಯ ಹಿಂದೆ ಒಂದು ಸರ್ಕಾರಿ ಆವರಣದ ಉದ್ದನೆಯ ಗೋಡೆಯಿದೆ. ಅದರ ಬುಡದಲ್ಲಿ, ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಅವರೆ ಹೂವನ್ನೇ ಹೋಲುವ ಪುಟ್ಟ ನೇರಳೆ ಹೂ ಬಿಟ್ಟ ಗಿಡ ನೋಡಿದೆ. ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತಳಾದ ಮೇಲೆ, ಎಂದೋ ಬಿ.ಎಸ್ಸಿ.ಯಲ್ಲಿ ಓದಿ ಮರೆತಿದ್ದ ಸಸ್ಯಶಾಸ್ತ್ರದ ಹುಚ್ಚು ಮತ್ತೆ ಹಿಡಿದಿತ್ತು. ಹೆಸರು ಗೊತ್ತಿಲ್ಲದ ಗಿಡ ಕಣ್ಣಿಗೆ ಬಿದ್ದರೆ ಊಟ ರುಚಿಸುತ್ತಿರಲಿಲ್ಲ.

ಗಿಡ ಗುರುತಿಸುವ ಪುಸ್ತಕ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಎಲೆ ಒಂಟಿಯೋ, ಮೂರು ದಳದ್ದೋ? ಕೇಸರಗಳು ಬಿಡಿಯೋ, ಕೂಡಿವೆಯೋ? ಒಂದೊಂದು ಉತ್ತರಕ್ಕೂ ದಾರಿ ಕವಲಾಗುತ್ತದೆ. ನಾನು ಒಂದು ಕವಲಿನಲ್ಲಿ ಸಿಕ್ಕಿಬಿದ್ದೆ. ಬಲಿತ ಕಾಯಿ ಗಿಣ್ಣು ಗಿಣ್ಣಾಗಿ ಮುರಿಯುತ್ತದೆಯೋ, ಇಲ್ಲವೋ? ನನ್ನ ಗಿಡದಲ್ಲಿ ಕಾಯಿಯೇ ಇರಲಿಲ್ಲ.

ಹಿಂದೆ ಬ್ರಿಟಿಷರ ಕಾಲದಲ್ಲಿ ನಮ್ಮ ಕಾಡುಮೇಡಿನ ಗಿಡಗಳನ್ನು ಒಣಗಿಸಿ, ಕಾಗದಕ್ಕೆ ಅಂಟಿಸಿ ಹಡಗಿನಲ್ಲಿ ವಿಲಾಯಿತಿಗೆ ಕಳಿಸುತ್ತಿದ್ದರಂತೆ. ಅಲ್ಲಿ ಕೂತವರು ಗಿಡ ಬೆಳೆದ ಮಣ್ಣನ್ನೇ ಕಾಣದೆ ಅದಕ್ಕೆ ಹೆಸರಿಡುತ್ತಿದ್ದರು. ಹಾಳೆಯಲ್ಲಿ ಕಾಯಿ ಇಲ್ಲದಿದ್ದರೆ ಅವರೂ ಮುಂದಿನ ಹಡಗು ಕಾಯಬೇಕಿತ್ತು. ಅಷ್ಟು ತಾಳ್ಮೆ ಎಲ್ಲಿಂದ ತಂದರೋ. ನಾನಂತೂ ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಅಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ.

ಒಂದು ದಿನ ಫೋಟೋಗೆಂದು ಮೊಬೈಲ್ ಎತ್ತಿದ್ದೇ ತಡ, ಆವರಣದ ಸೆಕ್ಯುರಿಟಿಯವನು ಓಡಿಬಂದ.

"ಇಲ್ಲಿ ಫೋಟೋ ತೆಗೀಬಾರ್ದು ಮೇಡಂ. ದಿನಾ ನೋಡ್ತಿದೀನಿ, ಏನ್ ಮಾಡ್ತೀರಾ ಇಲ್ಲಿ?"

"ಗಿಡ ನೋಡ್ತಿದೀನಪ್ಪಾ."

"ಇದ್ಯಾವ ಗಿಡ? ಕಳೆ ಇದು."

"ಕಳೆಗೂ ಒಂದು ಹೆಸರಿರತ್ತಲ್ಲ?"

ಅವನು ನಂಬಲಿಲ್ಲ. ಫೋಟೋಗಳನ್ನೆಲ್ಲ ಅಳಿಸುವ ತನಕ ಪಕ್ಕದಲ್ಲೇ ನಿಂತಿದ್ದ. ಮನೆಗೆ ಬಂದು ನಡೆದದ್ದು ಹೇಳಿದೆ.

"ನಾಳೆ ನಿನ್ನನ್ನ ಪೊಲೀಸ್ ಸ್ಟೇಷನ್‌ನಿಂದ ಬಿಡಿಸ್ಕೊಂಡು ಬರೋ ಹಾಗಾಗತ್ತೆ. ಸ್ವಲ್ಪ ದಿನ ಆ ಕಡೆ ಹೋಗ್ಬೇಡ" ಎಂದರು ನನ್ನ ಗಂಡ.

ಹೋಗಲಿಲ್ಲ. ಆದರೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಮತ್ತೆ ಮತ್ತೆ ರುಚಿ ನೋಡಿದೆ. ಟೆರೇಸಿಗೆ ಹತ್ತಿ ಗೋಡೆಯತ್ತ ಇಣುಕಿದೆ. ಮೂರು ವಾರ ಕಳೆದು, ಈಗ ಕಾಯಿ ಬಲಿತಿರಬೇಕು ಎಂದುಕೊಳ್ಳುತ್ತಿದ್ದಾಗ, ಒಂದು ಬೆಳಿಗ್ಗೆ ಆ ಕಡೆಯಿಂದಲೇ ಹುಲ್ಲು ಕತ್ತರಿಸುವ ಮಿಷನ್ ಸದ್ದು ಕೇಳಿತು. ಚಪ್ಪಲಿ ಮೆಟ್ಟಿ ಓಡಿದೆ.

ಗೋಡೆಯುದ್ದಕ್ಕೂ ನುಣ್ಣಗೆ ಬೋಳಿಸಿದ್ದರು. ತರಗು ಕೆದಕಿದೆ. ಎಲ್ಲ ಚೂರುಚೂರು. ಕಣ್ಣು ತುಂಬಿಬಂತು. ಒಂದು ಕಳೆಗಾಗಿ ಅಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

"ಏನ್ ಕಳ್ಕೊಂಡ್ರಿ ಮೇಡಂ?" ಅದೇ ಸೆಕ್ಯುರಿಟಿಯವನು. ಈ ಸಲ ದನಿ ಮೆತ್ತಗಿತ್ತು.

ತಲೆ ಎತ್ತುವಾಗ ಅವನ ಪ್ಯಾಂಟ್ ಕಣ್ಣಿಗೆ ಬಿತ್ತು. ಪಾದದಿಂದ ಮೊಣಕಾಲಿನವರೆಗೂ ಚಪ್ಪಟೆಯ ಕಂದು ಚೂರುಗಳು ಅಂಟಿದ್ದವು.

"ಅಲ್ಲಾಡ್ಬೇಡಿ!"

"ಯಾಕ್ರೀ, ಹಾವಾ?"

"ಕಾಯಿ! ನಿಮ್ಮ ಪ್ಯಾಂಟ್ ತುಂಬಾ ಕಾಯಿ ಇದೆ. ಎಲ್ಲಿ ಓಡಾಡಿದ್ರಿ?"

"ಈ ಗೋಡೆ ಪಕ್ಕನೇ, ಇನ್ನೆಲ್ಲಿ? ಒಗೆದ್ರೂ ಹೋಗಲ್ಲ, ಹಾಳಾದ್ದು."

ಗೊಣಗುತ್ತಲೇ ಬಗ್ಗಿ ಒಂದಷ್ಟು ಕಿತ್ತು ನನ್ನ ಅಂಗೈಗೆ ಹಾಕಿದ. ಒಂದರಲ್ಲಿ ಇನ್ನೂ ಎರಡು ಗಿಣ್ಣು ಕೂಡಿಕೊಂಡಿದ್ದವು. ಬಾಗಿಸಿದೆ. ಸಂದಿಯಲ್ಲೇ ಚಟ್ಟನೆ ಮುರಿಯಿತು.

ಮನೆಗೆ ಬಂದು ಪುಸ್ತಕ ತೆಗೆದೆ. ಮಾಡಿಕೊಂಡ ಕಾಫಿ ಆರುವ ಮೊದಲೇ ಹೆಸರು ಸಿಕ್ಕಿತು. ಊರಲ್ಲೆಲ್ಲ ಬೆಳೆಯುವ ಸಾಧಾರಣ ಗಿಡ. ಆದರೂ ಗಟ್ಟಿಯಾಗಿ ಓದಿದೆ, ನಮ್ಮವರ ಬಾಯಲ್ಲೂ ಹೇಳಿಸಿದೆ. ಸಸ್ಯಾಸಕ್ತರ ವಾಟ್ಸಾಪ್ ಗುಂಪಿಗೆ ಹಾಕಿದರೆ ಯಾರೋ ಬರೆದರು: ಹೆಸರು ಸರಿ, ಆದರೆ ಹಳೆಯದು. ಡಿಎನ್‌ಎ ಪರೀಕ್ಷೆ ಮಾಡಿ ಆ ಸಸ್ಯಕುಲವನ್ನೇ ಹಲವು ಕುಲಗಳಾಗಿ ಒಡೆದಿದ್ದಾರೆ, ನಿಮ್ಮ ಗಿಡ ಈಗ ಬೇರೆ ಕುಲಕ್ಕೆ ಸೇರಿದೆ.

ಹೊಸ ಹೆಸರು ಬರೆದುಕೊಂಡೆ. ಸಮಾಧಾನ ನಿಲ್ಲಲಿಲ್ಲ. ಹೂ ನಾನು ನೋಡಿದ್ದು, ಕಾಯಿ ಅವನ ಪ್ಯಾಂಟಿನದು. ಎರಡೂ ಒಂದೇ ಗಿಡದ್ದೆಂದು ಹೇಳುವವರು ಯಾರು? ಈ ಮಳೆಗಾಲದಲ್ಲಿ ಗೋಡೆ ಬುಡ ಮತ್ತೆ ಚಿಗುರಿದೆ. "ಮಿಷನ್ ಬಂದ್ರೆ ಮೊದ್ಲೇ ಹೇಳಿ ಕಳಿಸ್ತೀನಿ ಬಿಡಿ ಮೇಡಂ" ಎಂದಿದ್ದಾನೆ ಸೆಕ್ಯುರಿಟಿಯವನು. ಆದರೂ ದೂರದಲ್ಲಿ ಯಾವ ಮೋಟಾರು ಗುರ್ ಎಂದರೂ, ಕೈಲಿದ್ದ ಕೆಲಸ ಬಿಟ್ಟು ಗೇಟಿನ ತನಕ ಹೋಗಿಬರುತ್ತೇನೆ.