ಮೂಗಿಗೆ ಬೇಕಾದ ಭಾರ

ಅರವತ್ತಕ್ಕೆ ಅರಳು ಮರಳು ಎನ್ನುವ ಮಾತನ್ನು ನಾನು ಸುಳ್ಳು ಮಾಡಲಿಲ್ಲ. ಅರವತ್ತು ದಾಟಿದ ಮೇಲೆ, ಯಡ್ತರೆಯ ಅಕ್ಕನ ಮನೆ ಜಗಲಿಯಲ್ಲಿ ಕೂತು, ಪ್ಲಾಸ್ಟಿಕ್ ಯುದ್ಧವಿಮಾನಕ್ಕೆ ರೆಕ್ಕೆ ಅಂಟಿಸಿದ್ದೇನೆ. ಕೋಟೇಶ್ವರದಿಂದ ಹೊರಟಾಗಲೆಲ್ಲ ಬಸ್ಸಿನ ಕಂಡಕ್ಟರ್ ಎಂತ ವಿಶೇಷ ಎಂದು ಕೇಳುತ್ತಿದ್ದ. ಅಕ್ಕನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳುತ್ತಿದ್ದೆ. ವಿಮಾನ ಕಟ್ಟಲು ಹೋಗುತ್ತಿದ್ದೇನೆ ಎಂದಿದ್ದರೆ ನನಗೇ ಹುಷಾರಿಲ್ಲ ಎಂದುಕೊಳ್ಳುತ್ತಿದ್ದ.

ವಿಮಾನ ಭಾವನದು. ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಬಂದು ಮೀನುಗಾರಿಕೆಗೆ ಇಳಿದಾಗ ಅವರು ತಂದ ಟ್ರಂಕಿನಲ್ಲಿ ಬಟ್ಟೆಗಳ ನಡುವೆ, ಬಿಡಿ ಭಾಗಗಳನ್ನು ಜೋಡಿಸಿ ಕಟ್ಟುವ ಈ ವಿಮಾನದ ಡಬ್ಬವಿತ್ತು. ಮಳೆಗಾಲದಲ್ಲಿ ಬೋಟು ಮೇಲೆಳೆದ ಮೇಲೆ ನಾವಿಬ್ಬರೂ ಕೂತು ಕಟ್ಟುವ ಎನ್ನುತ್ತಿದ್ದರು. ಮಳೆಗಾಲವೇನೋ ತಪ್ಪದೆ ಬಂತು. ಒಂದು ವರ್ಷ ಕಡಲಿಗೆ ಹೋದ ಭಾವನೇ ತಿರುಗಿ ಬರಲಿಲ್ಲ. ಬಿಡುವಿದ್ದಾಗ ಅವರು ಹೊಳೆಯಲ್ಲಿ ಬೀಸುತ್ತಿದ್ದ ಬಲೆ ಜಗಲಿಯ ಗೂಟದಲ್ಲೇ ಉಳಿಯಿತು. ಎಷ್ಟೋ ಜನ ಕೇಳಿದರು. ಅಕ್ಕ ಕೊಡಲಿಲ್ಲ, ಮುಟ್ಟಲೂ ಬಿಡಲಿಲ್ಲ. ಈ ಮಳೆಗಾಲ ಅವಳಿಗೆ ಏನು ತೋರಿತೋ, ಡಬ್ಬವನ್ನು ನನ್ನ ಮುಂದಿಟ್ಟು, ನೀನಾದರೂ ಮುಗಿಸು ಎಂದಳು.

ಹಳೆಯ ಪ್ಲಾಸ್ಟಿಕ್ ಹಳೆಯ ನೆಂಟರ ಹಾಗೆ. ಬಗ್ಗುವುದಿಲ್ಲ, ಒತ್ತಾಯ ಮಾಡಿದರೆ ಮುರಿಯುತ್ತದೆ. ಡಬ್ಬದ ಅಂಟು ಕಲ್ಲಾಗಿತ್ತು, ರೆಕ್ಕೆಗೆ ಹಚ್ಚುವ ಚಿತ್ರಗಳು ಉಪ್ಪುಗಾಳಿಗೆ ಹಳದಿಯಾಗಿದ್ದವು. ಕುಂದಾಪುರದಲ್ಲಿ ಹೊಸ ಅಂಟು ಕೊಂಡು ಕೆಲಸ ಶುರುಮಾಡಿದೆ. ಚಕ್ರ ಮಡಚಿ, ಹಾರುತ್ತಿರುವಂತೆ ಡಬ್ಬದಲ್ಲಿದ್ದ ಪುಟ್ಟ ಕಂಬದ ಮೇಲೆ ನಿಲ್ಲಿಸಬಹುದು. ಇಲ್ಲವೆ ಚಕ್ರ ಕೆಳಗೆ ಚಾಚಿ, ಇಳಿದು ನಿಂತಂತೆ ಇಡಬಹುದು. ಯುದ್ಧವಿಮಾನಕ್ಕೆ ಆಕಾಶವೇ ಶೋಭೆ ಎಂದು ನನ್ನ ಅಭಿಪ್ರಾಯ. ಅಕ್ಕನನ್ನು ಕೇಳಿದೆ.

"ಹಾರಿದ್ದ್ ಸಾಕ್. ಇಳ್ದ್ ನಿಂತದ್ ಮಾಡ್," ಎಂದಳು.

ಹೊರಟದ್ದೊಂದು ತಿರುಗಿ ಬಂದು ನೆಲ ಮುಟ್ಟಿದ್ದನ್ನು ಅವಳು ಕಣ್ಣಾರೆ ಕಾಣಬೇಕಿತ್ತು.

ಆದರೆ ಜೋಡಿಸಿ ಇಟ್ಟರೆ ವಿಮಾನ ನಾಯಿಯ ಹಾಗೆ ಬಾಲ ಊರಿ ಕೂತಿತು. ಸೂಚನೆಯ ಚೀಟಿಯಲ್ಲಿ ಮೂಗಿನೊಳಗೊಂದು ಉಂಡೆಯ ಚಿತ್ರವಿತ್ತು. ಬಾಂಬಿರಬೇಕು, ಅಕ್ಕನ ಮನೆಗೆ ಅದೊಂದು ಬೇಡ ಎಂದು ಬಿಟ್ಟಿದ್ದೆ. ಚೀಟಿಯನ್ನು ಮತ್ತೆ ಓದಿದರೆ, ಅದು ಭಾರವಂತೆ. ರೆಕ್ಕೆ ಬಾಲಗಳೆಲ್ಲ ಹಿಂದಕ್ಕೆ ಎಳೆಯುವಾಗ ಮುಂದೆ ಒಂದಿಷ್ಟು ತೂಕವಿಲ್ಲದಿದ್ದರೆ ನೆಟ್ಟಗೆ ನಿಲ್ಲಲಾಗದು. ತೂಕವಿಲ್ಲದವರು ಮೂಗೆತ್ತಿಕೊಂಡು ಕೂರುವುದನ್ನು ಮದುವೆಮನೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಮೂಗು ಬಿಡಿಸಿ ಜೇಡಿಮಣ್ಣು ತುಂಬಿದೆ, ಸಾಲಲಿಲ್ಲ. ಬೋಲ್ಟು ತುರುಕಿದೆ, ಹಿಡಿಸಲಿಲ್ಲ. ಅಷ್ಟು ಸಣ್ಣ ಜಾಗಕ್ಕೆ ಸೀಸವೇ ಆಗಬೇಕು. ಸೀಸ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ತಲೆಯೆತ್ತಿದರೆ ಭಾವನ ಬಲೆಯ ಅಂಚಿನುದ್ದಕ್ಕೂ ಅದನ್ನು ಮುಳುಗಿಸುವ ಸೀಸದ ಗುಂಡುಗಳು ಕಾಣುತ್ತಿದ್ದವು. ನಾನು ತಲೆಯೆತ್ತಲಿಲ್ಲ. ಕಂಬದ ಮೇಲೆಯೇ ಇಡುವ, ಹಾರಲಿ ಎಂದೆ.

ಅಕ್ಕ ಒಳಗೆ ಹೋಗಿ ಕತ್ತರಿ ತಂದಳು. ಬಲೆಯನ್ನು ಗೂಟದಿಂದ ಇಳಿಸಿ, ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಎರಡು ಗುಂಡು ಕತ್ತರಿಸಿ ನನ್ನ ಅಂಗೈಗೆ ಹಾಕಿದಳು.

ವಿಮಾನ ನಿಂತಿತು. ಅಕ್ಕ ಅದರ ಬಾಲವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಳು. ಮೇಲೆದ್ದ ಮೂಗು ತಾನಾಗಿ ನೆಲಕ್ಕೆ ಬಂತು. ಮತ್ತೆ ಒತ್ತಿದಳು, ಮತ್ತೆ ಬಂತು. ಅವಳ ಕಣ್ಣು ತುಂಬಿತ್ತು. ನಾನು ಒರೆಸಬೇಕಿಲ್ಲದ ಕನ್ನಡಕವನ್ನು ಒರೆಸುತ್ತ ಕೂತೆ.

ಸಂಜೆ ನಾನು ಹೊರಡುವಾಗ ಬಲೆ ಗೂಟದಲ್ಲಿರಲಿಲ್ಲ. ಮಡಚಿ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು. ಅದನ್ನು ಎಷ್ಟೋ ಸಲ ಕೇಳಿದ್ದ ಕೆಳಮನೆಯವರಿಗೆ ದಾರಿಯಲ್ಲಿ ಮುಟ್ಟಿಸಬೇಕಂತೆ. ಅಂಗಳ ದಾಟುತ್ತಿದ್ದವನನ್ನು ನಿಲ್ಲಿಸಿ ಹೇಳಿದಳು:

"ಎರಡ್ ಗುಂಡ್ ಕಮ್ಮಿ ಇತ್ತ್ ಅಂದೇಳಿ ಹೇಳ್. ಬೇರೆ ಹಾಯ್ಕಣ್ಲಿ."

ಬಸ್ಸಿನಲ್ಲಿ ಅದೇ ಕಂಡಕ್ಟರ್. ಅಕ್ಕ ಹೇಗಿದ್ದಾರೆ ಎಂದು ಕೇಳಿದ.

ಹುಷಾರಾದಳು ಎಂದೆ.